ಥೈರಾಯ್ಡ್ ಮಾತ್ರೆ: ಹದಿನಾಲ್ಕು ತಿಂಗಳು ನೋಡಿ ಶುರು ಮಾಡಿದೆ

ಮೊದಲ ರಿಪೋರ್ಟಿನಲ್ಲಿ ಟಿಎಸ್‌ಎಚ್ 7.4 ಇತ್ತು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮೆದುಳಿನ ಬುಡದಿಂದ ಬರುವ ಹಾರ್ಮೋನು ಅದು, ಗ್ರಂಥಿ ಸೋತರೆ ಏರುತ್ತದೆ. 2021ರ ಮಳೆಗಾಲ. ಡಾಕ್ಟರು ಐದು ನಿಮಿಷದಲ್ಲಿ ಮಾತು ಮುಗಿಸಿ 50 ಮೈಕ್ರೋಗ್ರಾಂನ ಥೈರಾಯ್ಡ್ ಮಾತ್ರೆ ಬರೆದುಕೊಟ್ಟರು. ಚೀಟಿ ಪರ್ಸಿನಲ್ಲೇ ಉಳಿಯಿತು. ಥೈರಾಯ್ಡ್ ತಾನೇ ತಯಾರಿಸುವ ಹಾರ್ಮೋನು ಟಿ4 ಸರಿ ಇದೆ, ಟಿಎಸ್‌ಎಚ್ ಮಾತ್ರ ಏರಿದೆ, ಹಾಗಿರುವಾಗ ಇನ್ನೊಂದು ಸಲ ನೋಡದೆ ಹೇಗೆ ಶುರು ಮಾಡುವುದು? "ಒಂದ್ಸಲ ಹಿಡಿದ್ರೆ ಸಾಯೋವರ್ಗೂ ಬಿಡೋಕಾಗಲ್ಲ ಕಣೆ, ಬೇಡ" ಅಂದರು ಅತ್ತೆ. ಯಜಮಾನರದು ಉಲ್ಟಾ: "ಡಾಕ್ಟ್ರು ಹೇಳಿದ್ಮೇಲೆ ನಿಂದೇನು ವಿಚಾರ?" ಇಬ್ಬರ ಮಾತನ್ನೂ ಕೇಳಲಿಲ್ಲ.

ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಯಾರದೋ ಟೇಪಿನಲ್ಲಿ ತೆಗೆದ ಅಳತೆ ನಂಬಿ ರೇಷ್ಮೆಗೆ ಕತ್ತರಿ ಹಾಕಿದವಳಲ್ಲ. ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ತಾರೀಕು, ಲ್ಯಾಬು, ಹೊತ್ತು, ಅಂಕಿ, ಅವತ್ತಿನ ಮೈ ಹೇಗಿತ್ತು, ಇಷ್ಟನ್ನೂ ಬರೆಯತೊಡಗಿದೆ.

ಆದರೂ ಎಡವಿದೆ. ಎರಡನೇ ಟೆಸ್ಟು ರಿಯಾಯಿತಿಗೆ ಆಸೆಪಟ್ಟು ಬೇರೆ ಕಡೆ, ಮಧ್ಯಾಹ್ನ ಮೂರಕ್ಕೆ ಮಾಡಿಸಿದೆ. 4.9 ಬಂತು. ಇಳಿಯಿತು ಅಂತ ಖುಷಿಪಟ್ಟೆ. ಟಿಎಸ್‌ಎಚ್ ಬೆಳಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ ಅನ್ನುವುದು ಆಗ ತಲೆಗೆ ಹೋಗಿರಲಿಲ್ಲ. ಮೊದಲಿನ ಲ್ಯಾಬಿಗೇ ಬೆಳಗ್ಗೆ ಏಳಕ್ಕೆ ಹೋದಾಗ 8.1.

ನಡುವೆ ಎಲ್ಲರೂ ಮಾಡುವುದನ್ನೆಲ್ಲ ನಾನೂ ಮಾಡಿದೆ. ಎರಡು ತಿಂಗಳು ಕೊತ್ತಂಬರಿ ಬೀಜ ನೆನೆಸಿದ ನೀರು. ಗಾಂಧಿ ಬಜಾರಿನಿಂದ ತಂದ ಚೂರ್ಣ, ತಿಂಗಳಿಗೆ ಸುಮಾರು 800. ಎಲೆಕೋಸು ಬಿಟ್ಟೆ. ಅಡುಗೆಗೆ ಸೈಂಧವ ಲವಣ ತಂದದ್ದಂತೂ ಶುದ್ಧ ತಪ್ಪು. ಅಯೋಡಿನ್ ಬೆರೆಸಿದ ಉಪ್ಪನ್ನೇ ಬಿಟ್ಟಂತಾಯಿತು. ಮೂರು ತಿಂಗಳಿಗೆ ಹಳೇ ಉಪ್ಪಿಗೆ ಮರಳಿದೆ.

ಆಮೇಲೆ ಒಂದು ರಿಪೋರ್ಟು 2.8 ಬಂತು. ಅತ್ತೆ ಹೋಳಿಗೆ ಮಾಡಿದರು, ಶ್ರೇಯಸ್ಸೆಲ್ಲ ಕೊತ್ತಂಬರಿ ನೀರಿಗೆ. ನನ್ನ ಪುಸ್ತಕದಲ್ಲಿ ಮಾತ್ರ ಬೇರೆಯೇ ಬರೆದಿತ್ತು: ಬೆಳಗ್ಗೆ ಮುಖ ಊದಿದೆ, ಕೈ ತಣ್ಣಗಿದೆ, ಒಂದು ಬ್ಲೌಸಿಗೆ ಹುಕ್ಕು ಹಾಕುವಷ್ಟರಲ್ಲಿ ಎರಡು ಸಲ ಮಲಗಿ ಎದ್ದೆ. ಅಂಕಿ ಸರಿ, ಮೈ ಸರಿಯಿಲ್ಲ. ರಕ್ತ ತೆಗೆಯುವ ಹುಡುಗಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆಂಟಿ, ಕೂದಲಿಗೆ ಏನಾದ್ರೂ ಮಾತ್ರೆ ತಗೋತಿದೀರಾ?" ತೆಗೆದುಕೊಳ್ಳುತ್ತಿದ್ದೆ, 10 ಮಿಲಿಗ್ರಾಂ ಬಯೊಟಿನ್ ಅನ್ನುವ ವಿಟಮಿನ್. ಅದು ರಕ್ತದಲ್ಲಿದ್ದರೆ ಕೆಲವು ಮೆಷಿನ್ನುಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ವಾರ ನಿಲ್ಲಿಸಿ ಮತ್ತೆ ಕೊಟ್ಟೆ. 10.9! ಜೊತೆಗೆ ಮಾಡಿಸಿದ ಆ್ಯಂಟಿ ಟಿಪಿಒ, ಅಂದರೆ ಮೈಯೇ ತನ್ನ ಥೈರಾಯ್ಡ್ ವಿರುದ್ಧ ತಯಾರಿಸುವ ಆ್ಯಂಟಿಬಾಡಿ, 600ರ ಮೇಲೆ.

ಅವತ್ತೇ ತೀರ್ಮಾನವಾಯಿತು. ಒಂದೇ ಲ್ಯಾಬು, ಒಂದೇ ಹೊತ್ತು, ಏರುತ್ತಲೇ ಇದೆ, ಹತ್ತು ದಾಟಿದೆ, ಆ್ಯಂಟಿಬಾಡಿ ಇದೆ, ಮೈಯೂ ಅದನ್ನೇ ಹೇಳುತ್ತಿದೆ. ಪುಸ್ತಕ ಹಿಡಿದು ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಎರಡು ಹಾಳೆ ಪೂರ್ತಿ ಓದಿ, "ಹೀಗೆ ಬರೆದುಕೊಂಡು ಬರೋರು ಕಡಿಮೆ" ಅಂದರು. ಆ ಮಾತು ಇವತ್ತಿಗೂ ಹೆಮ್ಮೆ. 25ರಿಂದ ಶುರು ಮಾಡಿ 50ಕ್ಕೆ ಏರಿಸಿದರು. ನಾನು ಕಾದಂತೆ ಬಸುರಿಯರು, ಮಗು ಬೇಕೆಂದಿರುವವರು ಕಾಯಬಾರದು. ಅವರ ಲೆಕ್ಕವೇ ಬೇರೆ, ತಡಮಾಡದೆ ಡಾಕ್ಟರನ್ನು ಕಾಣಬೇಕು.

50ಕ್ಕೆ ಏರಿಸಿ ಆರು ವಾರವಾದರೂ 6.3. ಮನೆಯಲ್ಲಿ ಮತ್ತೆ "ನೋಡಿದ್ಯಾ?" ಶುರು. ತಪ್ಪು ಮಾತ್ರೆಯದಲ್ಲ, ನುಂಗಿದ ಹತ್ತೇ ನಿಮಿಷಕ್ಕೆ ಕಾಫಿ ಕುಡಿಯುತ್ತಿದ್ದೆ. ಈಗ ಐದಕ್ಕೆ ಎದ್ದು ನೀರಲ್ಲಿ ಮಾತ್ರೆ, ಆರರ ಮೇಲೆ ಕಾಫಿ, ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನ ಊಟಕ್ಕೆ. ಆ ಒಂದು ತಾಸು ಕಾಫಿ ಇಲ್ಲದೆ ಹೇಗೆ ತಳ್ಳುತ್ತೇನೆ ಅನ್ನುವ ಉಪಾಯ ನನ್ನ ಹತ್ತಿರವೇ ಇರಲಿ. ಮಾತ್ರೆ ಅದೇ 50, ಮುಂದಿನ ಟೆಸ್ಟು 2.4.

ದುಡ್ಡಿನ ಲೆಕ್ಕ ಹೇಳಲೇಬೇಕು. ಟೆಸ್ಟು, ಚೂರ್ಣ, ಕೂದಲಿನ ಮಾತ್ರೆ ಸೇರಿ ಹತ್ತು ಸಾವಿರದ ಹತ್ತಿರ ಹೋಗಿದೆ. ಥೈರಾಯ್ಡ್ ಮಾತ್ರೆಯ ಬಾಟಲಿ ಇನ್ನೂರು ರೂಪಾಯಿ ಆಸುಪಾಸು, 120 ಮಾತ್ರೆ, ನಾಲ್ಕು ತಿಂಗಳು. ಟೆಸ್ಟಿಗೆ ಹೋದದ್ದಕ್ಕೆ ಬೇಸರವಿಲ್ಲ, ಚೂರ್ಣಕ್ಕೆ ಹೋದದ್ದಕ್ಕೆ ಇದೆ.

ಸುಸ್ತು, ಚಳಿ ಹೋಯಿತು. ತೂಕ ಎರಡು ಕೆಜಿ ಇಳಿದಿರಬಹುದು, ಅಷ್ಟೇ. ಕೂದಲು ಉದುರುವುದು ಅರ್ಧ ನಿಂತಿದೆ. ದೀಪಾವಳಿ ಹಿಂದಿನ ವಾರ ಇಪ್ಪತ್ತಾರು ಬ್ಲೌಸ್ ಮುಗಿಸಿದೆ, ಹಗಲು ಒಂದು ಸಲವೂ ಮಲಗದೆ.

ಹೋದ ವರ್ಷ ನಾದಿನಿ 5.6ರ ರಿಪೋರ್ಟು, ಮಾತ್ರೆ ಚೀಟಿ ಎರಡನ್ನೂ ತಂದಳು. ಅವಳ ಡಾಕ್ಟರನ್ನೇ ಕೇಳಿ ಎರಡು ತಿಂಗಳು ಬಿಟ್ಟು, ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿಗೆ ಮತ್ತೆ ಮಾಡಿಸಿದೆವು. 3.3. ಅವಳಿಗೆ ಮಾತ್ರೆ ಬೇಕಾಗಲಿಲ್ಲ. ಈಗ ಬೀದಿಯಲ್ಲಿ ಯಾರಿಗೆ ಥೈರಾಯ್ಡ್ ಅಂದರೂ ಅತ್ತೆ ನಮ್ಮ ಮನೆಗೆ ಕರೆತರುತ್ತಾರೆ, ಪುಸ್ತಕ ತೋರಿಸು ಅನ್ನುತ್ತಾರೆ.