ಪ್ಲಾಟ್ ದರ ಉಬ್ಬಿದೆಯೇ? ಸಂಚಕಾರ ಕೊಡುವ ಮೊದಲು ಹೀಗೆ ನೋಡಿ

ಹುಬ್ಬಳ್ಳಿಯ ಗೋಕುಲ ರಸ್ತೆ ಇರಲಿ, ಧಾರವಾಡದ ಸತ್ತೂರು ಇರಲಿ, ಪ್ಲಾಟ್ ತೋರಿಸುವವರ ಮಾತು ಒಂದೇ: ‘ಮುಂದಿನ ವರ್ಷ ಈ ದರಕ್ಕ ಸಿಗೂದಿಲ್ರೀ.’ ಹೈಕೋರ್ಟ್ ಪೀಠ ಬಂತು, ಐಐಟಿ ಬಂತು, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಬಂತು. ಪ್ರತಿ ಸಲವೂ ದರ ಏರಿಸಲು ಒಂದು ಕಾರಣ ಸಿಕ್ಕಿತು. ಏರಿದ್ದು ಅಲ್ಲಿ ಮನೆ ಕಟ್ಟುವವರಿಂದಲೋ, ಮತ್ತೆ ಮಾರುವ ಆಸೆಯಿಂದಲೋ? ಅದನ್ನು ನಾವೇ ಪತ್ತೆ ಮಾಡಬಹುದು.

ಮೊದಲ ಕೆಲಸ, ಏಜೆಂಟ್ ಇಲ್ಲದೆ ಸಂಜೆ ಏಳೂವರೆಗೆ ಆ ಲೇಔಟ್‌ಗೆ ಹೋಗಿ. ದೀಪ ಹತ್ತಿದ ಮನೆ ಎಷ್ಟು, ಜಾಲಿ ಬೆಳೆದ ಪ್ಲಾಟ್ ಎಷ್ಟು, ಎಣಿಸಿ. ನೂರು ಪ್ಲಾಟ್ ಮಾರಿ ಹತ್ತು ವರ್ಷವಾದರೂ ಹತ್ತೇ ಮನೆ ಎದ್ದಿದ್ದರೆ, ಉಳಿದವರಲ್ಲಿ ಬಹಳ ಮಂದಿ ಕೊಂಡದ್ದು ಮಾರುವುದಕ್ಕೇ. ಅವರೆಲ್ಲ ಒಟ್ಟಿಗೆ ಮಾರಲು ಹೊರಟರೆ ಕೊಳ್ಳುವವರು ಯಾರು? ಅಲ್ಲಿ ವಾಸವಿರುವವರನ್ನು ಮಾತಾಡಿಸಿ. ನೀರು ಎಷ್ಟು ದಿನಕ್ಕೊಮ್ಮೆ, ಪಾಯಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳಿ. ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಆಳಕ್ಕೆ ಇಳಿಸಬೇಕು. ಆ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ.

ಎರಡನೆಯದು ಬಾಡಿಗೆ ಲೆಕ್ಕ. ಅದೇ ಓಣಿಯ 60 ಲಕ್ಷದ ಮನೆಗೆ ತಿಂಗಳಿಗೆ 12,000 ರೂಪಾಯಿ ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 1.44 ಲಕ್ಷ, ಅಂದರೆ ಶೇ 2.4. ಅದನ್ನು ಕೊಳ್ಳಲು 40 ಲಕ್ಷ ಸಾಲ ತೆಗೆದರೆ, ಶೇ 8.5ರ ಬಡ್ಡಿಗೆ 20 ವರ್ಷದವರೆಗೆ ತಿಂಗಳ ಕಂತು ಸುಮಾರು 34,700. ಇಷ್ಟು ಅಂತರವನ್ನು ಮುಂದಿನ ದರ ಏರಿಕೆಯೇ ತುಂಬಬೇಕು. ಖಾಲಿ ಪ್ಲಾಟ್‌ಗಂತೂ ಬಾಡಿಗೆಯೂ ಇಲ್ಲ.

‘ಜಾಗದ ದರ ಎಂದಾದರೂ ಇಳಿದದ್ದುಂಟಾ?’ ಎನ್ನುವವರಿದ್ದಾರೆ. ಅಮೆರಿಕದಲ್ಲೂ 2006ರವರೆಗೆ ಬಹಳ ಜನ ಹಾಗೇ ನಂಬಿದ್ದರು. 2012ರ ಹೊತ್ತಿಗೆ ಅಲ್ಲಿ ಮನೆ ದರ ಕಾಲುಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಕಂತು ಕಟ್ಟಲಾಗದವರ ಮನೆಗಳನ್ನು ಬ್ಯಾಂಕುಗಳು ಮಾರಾಟಕ್ಕಿಟ್ಟಿದ್ದರಿಂದ ಆ ಇಳಿಕೆ ಎಲ್ಲರಿಗೂ ಕಂಡಿತು. ನಮ್ಮಲ್ಲಿ ಅನೇಕರು ಕೈಯಲ್ಲಿದ್ದ ದುಡ್ಡಿನಿಂದಲೇ ಪ್ಲಾಟ್ ಹಿಡಿದಿರುತ್ತಾರೆ. ಮಾರಲೇಬೇಕೆಂಬ ಒತ್ತಡ ಇಲ್ಲ. ಹಾಗಾಗಿ ದರ ಇಳಿಯುವ ಬದಲು ಸುಮ್ನೆ ನಿಲ್ಲುತ್ತದೆ. ನಾಲ್ಕು ವರ್ಷದಿಂದ 30 ಲಕ್ಷಕ್ಕೇ ನಿಂತ ಪ್ಲಾಟ್, ವರ್ಷಕ್ಕೆ ಶೇ 5ರ ಬೆಲೆಯೇರಿಕೆ ಲೆಕ್ಕ ಹಾಕಿದರೆ, ಹಳೆಯ ದುಡ್ಡಿನಲ್ಲಿ 25 ಲಕ್ಷವೂ ಆಗುವುದಿಲ್ಲ. ನನ್ನ ತಮ್ಮ ಒಂಬತ್ತು ವರ್ಷದ ಹಿಂದೆ ‘ಎರಡು ವರ್ಷದಾಗ ಡಬಲ್’ ಎಂಬ ಮಾತು ನಂಬಿ ಊರ ಹೊರಗೆ ಒಂದು ಪ್ಲಾಟ್ ಕೊಂಡ. ಇವತ್ತಿಗೂ ಕೊಂಡ ದರಕ್ಕೆ ಗಿರಾಕಿ ಇಲ್ಲ. ಮಗಳ ಫೀಸಿಗೆ ಸಾಲ ಮಾಡುವಾಗ ಅವನ ಮುಖ ನೋಡಲು ಆಗಲಿಲ್ಲ. ಅದಕ್ಕೇ, ‘ಎಷ್ಟು ದಿನದಿಂದ ಮಾರಾಟಕ್ಕಿದೆ?’ ಎಂದು ತಪ್ಪದೇ ಕೇಳಿ. ಏಜೆಂಟ್ ಹೇಳದಿದ್ದರೆ ಪಕ್ಕದ ಕಿರಾಣಿ ಅಂಗಡಿಯವರು ಹೇಳುತ್ತಾರೆ.

ಮೂರನೆಯದು, ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ. ಸಾಲ ಇದೆಯೇ ಎಂದಷ್ಟೇ ನೋಡಿ ಬಿಡಬೇಡಿ. ಎರಡು ವರ್ಷದಲ್ಲಿ ಮೂರು ಕೈ ಬದಲಾಗಿ, ಪ್ರತಿ ಸಲ ಮೊತ್ತ ಹಾರಿದ್ದರೆ ಅದು ಮನೆ ಕಟ್ಟುವವರ ವ್ಯವಹಾರವಲ್ಲ. ನೋಂದಣಿಯಲ್ಲಿ ಮೊತ್ತ ಕಡಿಮೆ ಬರೆಸುವವರೂ ಇದ್ದಾರೆ, ಅದು ನೆನಪಿರಲಿ. ಮಾರ್ಗಸೂಚಿ ದರವೂ ಅಲ್ಲೇ ಸಿಗುತ್ತದೆ. ಆದರೆ ಅದು ಸರ್ಕಾರ ಮುದ್ರಾಂಕ ಶುಲ್ಕಕ್ಕಾಗಿ ಇಟ್ಟ ದರ, ಪೇಟೆ ದರ ಅಲ್ಲ.

ಕಾಗದಪತ್ರದ್ದು ಚಿಕ್ಕ ಮಾತು: ಎನ್‌ಎ ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆ, ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಹೊಸ ಲೇಔಟ್ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿಯನ್ನೂ ನೋಡಿ. ಗುಂಟಾ ಪ್ಲಾಟ್ (ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವುದು) ಅಗ್ಗವಾಗಿ ಕಂಡರೂ ಇವು ಇಲ್ಲದಿದ್ದರೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ನಾಳೆ ನಿಮ್ಮಿಂದ ಕೊಳ್ಳುವವರಿಗೂ ಅದೇ ಕಷ್ಟ.

ಇಷ್ಟಾದ ಮೇಲೆ ನಿಮ್ಮ ಲೆಕ್ಕದ ದರವನ್ನು ಮಾಲೀಕರಿಗೇ ಹೇಳಿ, ಫೋನ್ ನಂಬರ್ ಕೊಟ್ಟು ಬನ್ನಿ. ಅವತ್ತೇ ಸಂಚಕಾರ ಕೊಡಬೇಡಿ. ಬಹಳ ದಿನದಿಂದ ಗಿರಾಕಿಗಾಗಿ ಕಾದವರು ತಿಂಗಳೊಳಗೆ ಅವರೇ ಫೋನ್ ಮಾಡಬಹುದು. ಮಾಡದಿದ್ದರೆ ಇನ್ನೊಂದು ಓಣಿಗೆ ಹೋಗಿ ಮತ್ತೆ ದೀಪ ಎಣಿಸಿ.