ಕಾರವಾರ, ಅಂಕೋಲಾ ಕಡೆಯವರು ಅಪ್ರೆಂಟಿಸ್ ಕೆಲಸ ಹುಡುಕುವುದು ಹೇಗೆ?

ಅಂಕೋಲಾದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ವಾಟ್ಸಾಪ್ ಫಾರ್ವರ್ಡ್ ತೋರಿಸಿ, "ಅಕ್ಕಾ, ಇದು ಖರೇನಾ?" ಅಂತ ಕೇಳುವವರೇ ಜಾಸ್ತಿ. ಅಂಥವರಿಗೆಲ್ಲ ನಾನು ಹೇಳುವುದು ಇಷ್ಟು.

ಐಟಿಐ ಮುಗಿಸಿದವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಡಿಪ್ಲೊಮಾ, ಬಿಇ ಆದವರಿಗೆ ನ್ಯಾಟ್ಸ್ (NATS) ಅನ್ನುವ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್. ಎರಡಕ್ಕೂ ಶುಲ್ಕವಿಲ್ಲ. ಜಾಹೀರಾತು ಬಂದಮೇಲೆ ಮಾಡಿದರಾಯ್ತು ಅಂತ ಕೂರಬೇಡಿ. ಕೊನೇ ದಿನ ಸರ್ವರ್ ಕೈಕೊಟ್ಟರೆ ನನ್ನ ಮೇಲೆ ಸಿಟ್ಟು ಮಾಡಿ ಏನೂ ಪ್ರಯೋಜನವಿಲ್ಲ.

ಇನ್ನು ಜಾಗಗಳು. ಕಾರವಾರದ ನೌಕಾನೆಲೆಯಲ್ಲಿ ಹಡಗು ದುರಸ್ತಿ ಯಾರ್ಡ್ ಇದೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಓದಿದವರನ್ನು ಅಲ್ಲಿ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ. ಅದರ ಪ್ರಕಟಣೆಗೆ ವಾರಕ್ಕೊಮ್ಮೆ ಬರುವ ಎಂಪ್ಲಾಯ್‌ಮೆಂಟ್ ನ್ಯೂಸ್ ನೋಡುತ್ತಿರಿ. ಕೈಗಾ ಅಣು ವಿದ್ಯುತ್ ಸ್ಥಾವರದ್ದಾದರೆ ಅದನ್ನು ನಡೆಸುವ ಎನ್‌ಪಿಸಿಐಎಲ್ ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಕೊಂಕಣ ರೈಲ್ವೆಯವರು ಡಿಪ್ಲೊಮಾ, ಪದವಿ ಆದವರನ್ನು ಕರೆಯುತ್ತಾರೆ. ಶಿರಸಿ ಕಡೆಯವರು ವಾಯವ್ಯ ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಕಾರವಾರದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನೂ ಬಿಡಬೇಡಿ, ಉದ್ಯೋಗ ಮೇಳದ ಸುದ್ದಿ ಅಲ್ಲಿ ಸಿಗುತ್ತದೆ.

ನಮ್ಮ ಕಡೆ ದೊಡ್ಡ ಗೋಳು ಹೆಸರಿನದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾಯ್ಕ ಅನ್ನುವುದಕ್ಕೆ ಇಂಗ್ಲಿಷಿನ 'ಐ' ಇದ್ದರೆ, ಆಧಾರಿನಲ್ಲಿ 'ವೈ' ಇರುತ್ತದೆ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ದಾಖಲೆ ತಪಾಸಣೆಯ ದಿನ ಇದೇ ತಲೆನೋವಾಗುತ್ತದೆ. ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸಿ. ಆಧಾರಿನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಸಲ ಅವಕಾಶ, ಹಾಗಾಗಿ ಅಕ್ಷರ ಅಕ್ಷರ ನೋಡಿ ಕೊಡಿ. ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ. ಅಂಗಡಿಯವರ ಇಮೇಲ್ ಹಾಕಿಸಿ ಹೋದರೆ ಕರೆಪತ್ರ ಬಂದದ್ದು ನಿಮಗೆ ಗೊತ್ತಾಗುವುದು ಹೇಗೆ? ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ ಮಾರಾಯ್ರೆ.

"ಅಪ್ರೆಂಟಿಸ್ ಮುಗಿದ ಮೇಲೆ ಪರ್ಮನೆಂಟ್ ಮಾಡ್ತಾರಾ?" ಅಂತ ತಾಯಂದಿರು ಕೇಳುತ್ತಾರೆ. ಆ ಖಾತರಿ ಇಲ್ಲ. ಹಾಗಂತ ಸುಮ್ನೆ ಬಿಡುವ ವಿಷಯವೂ ಅಲ್ಲ. ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ, ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ. ಭಾರತೀಯ ರೈಲ್ವೆಯ ಘಟಕಗಳಲ್ಲಿ ಅಪ್ರೆಂಟಿಸ್ ಮುಗಿಸಿದವರಿಗಂತೂ ರೈಲ್ವೆಯ ಲೆವೆಲ್ 1, ಅಂದರೆ ಎಲ್ಲಕ್ಕಿಂತ ಕೆಳಗಿನ ಹಂತದ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20 ಮೀಸಲಿದೆ. ಪರೀಕ್ಷೆ ಮಾತ್ರ ಬರೆಯಲೇಬೇಕು.

ಐಟಿಐ ಓದದವರು ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ) ಕೇಳಿ ನೋಡಿ. ಸ್ವಂತ ಕೆಲಸ ಹಿಡಿಯಲು ತರಬೇತಿ ಕೊಡುತ್ತಾರೆ. ಊಟ, ವಸತಿ ಉಚಿತ.

ಯಾರಾದರೂ "ನೇವಿ ಬೇಸ್‌ನಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಸೇರಿಸ್ತೇನೆ" ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟಾಗಿದ್ದರೆ 1930ಕ್ಕೆ ಫೋನ್ ಮಾಡಿ. ಆನ್‌ಲೈನ್ ಹಣದ ಮೋಸಕ್ಕೆ ಇರುವ ಸಹಾಯವಾಣಿ ಅದು, ಬೇಗ ಮಾಡಿದಷ್ಟೂ ಒಳ್ಳೆಯದು.