ಕನ್ನಡ ಪದಪಟ್ಟಿಯ ಜಾವಾ ಪ್ರೋಗ್ರಾಂಗೆ ವೇಗ ತಂದ ಬಗೆ

ಯೂನಿಕೋಡ್ ಪಠ್ಯದಿಂದ ಪದಗಳನ್ನು ಬಿಡಿಸಿ, ಎಣಿಸಿ, ಅಕಾರಾದಿಯಾಗಿ ಜೋಡಿಸಿಕೊಡುವ ಜಾವಾ ಪ್ರೋಗ್ರಾಂ ಒಂದು ನನ್ನ ಬಳಿ ಇದೆ. ಪುಟಗಳು ಹೆಚ್ಚಿದಂತೆ ಅದು ತೆವಳತೊಡಗಿತು. ಜೊತೆಗಿದ್ದವರೆಲ್ಲ ಬೊಟ್ಟು ಮಾಡಿದ್ದು ಅಕಾರಾದಿ ಜೋಡಣೆಯ ಕಡೆಗೆ. ಇರಬಹುದು; ಆದರೆ ಅಳೆಯದೆ ಕೋಡಿಗೆ ಕೈ ಹಾಕುವ ಅಭ್ಯಾಸ ನನಗಿಲ್ಲ.

ಮೊದಲು ಜಾವಾ ಫ್ಲೈಟ್ ರೆಕಾರ್ಡರ್ ಚಾಲೂ ಮಾಡಿದೆ. 2018ರ ಜೆಡಿಕೆ 11ರಿಂದ (ಜೆಡಿಕೆ ಎಂದರೆ ಜಾವಾ ಅಭಿವೃದ್ಧಿ ಕಿಟ್) ಅದು ಮುಕ್ತ ಆಕರದ ಓಪನ್‌ಜೆಡಿಕೆಯಲ್ಲೇ ಸಿಗುತ್ತದೆ. ಯಾವ ಮೆಥಡ್‌ನಲ್ಲಿ ಸಮಯ ಹೋಗುತ್ತಿದೆ, ಎಲ್ಲಿ ಹೆಚ್ಚು ಆಬ್ಜೆಕ್ಟ್‌ಗಳು ಹುಟ್ಟುತ್ತಿವೆ ಎಂಬುದನ್ನು ಪ್ರೋಗ್ರಾಂ ಓಡುತ್ತಿರುವಾಗಲೇ ದಾಖಲಿಸುತ್ತದೆ. ವರದಿಯ ಮೊದಲ ಸ್ಥಾನದಲ್ಲಿದ್ದದ್ದು ಜೋಡಣೆಯಲ್ಲ, ಪ್ಯಾಟರ್ನ್ ಕ್ಲಾಸಿನ ಕಂಪೈಲ್ ಮೆಥಡ್. ಲೇಖನ ಚಿಹ್ನೆಗಳನ್ನು ತೆಗೆಯಲು ಪ್ರತಿ ಪದಕ್ಕೂ ರಿಪ್ಲೇಸ್‌ಆಲ್ ಕರೆಯುತ್ತಿದ್ದೆವು. ಅದು ಕರೆದಾಗಲೆಲ್ಲ ಹುಡುಕುವ ಅಕ್ಷರ ಮಾದರಿಯನ್ನು ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನು ಹೊಸದಾಗಿ ಕಂಪೈಲ್ ಮಾಡುತ್ತದೆ. ಒಮ್ಮೆ ಕಂಪೈಲ್ ಮಾಡಿದ ಪ್ಯಾಟರ್ನನ್ನು ಸ್ಟ್ಯಾಟಿಕ್ ಫೈನಲ್ ಫೀಲ್ಡ್‌ನಲ್ಲಿ ಇಟ್ಟುಕೊಂಡೆ. ಆ ಮೆಥಡ್ ವರದಿಯ ಮೇಲ್ಸಾಲಿನಿಂದ ಮಾಯವಾಯಿತು.

ಈಗ ಜೋಡಣೆಯ ಸರದಿ. ಸ್ಟ್ರಿಂಗ್‌ನ ಕಂಪೇರ್‌ಟು (ಸಂಕೇತಗಳ ಸಂಖ್ಯೆಯನ್ನಷ್ಟೇ ನೋಡಿ ಹೋಲಿಸುವ ಮೆಥಡ್) ಬಳಸಿದರೆ ವೇಗವೇನೋ ಸಿಗುತ್ತದೆ, ಆದರೆ ಕನ್ನಡಕ್ಕೆ ಅದು ಸಾಲದು. ‘ಬಸ್‌ನಲ್ಲಿ’ ಎಂದು ಬರೆಯುವಾಗ ಸಕಾರಕ್ಕೆ ನಕಾರದ ಒತ್ತು ಕೂಡಿಕೊಳ್ಳದಂತೆ ತಡೆಯುವ ಕಾಣದ ಅಕ್ಷರವೊಂದಿದೆ, ಯು+200ಸಿ. ಕಂಪೇರ್‌ಟು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಳಗನ್ನಡದ ೞಕಾರದ ಕೋಡ್ ಸಂಖ್ಯೆ ವಿರಾಮದ, ಅಂದರೆ ಅರ್ಧಾಕ್ಷರದ, ಚಿಹ್ನೆಗಿಂತಲೂ ಮುಂದಿದೆ, ಹಾಗಾಗಿ ಅದು ಳಕಾರದ ಹತ್ತಿರವೂ ಸುಳಿಯುವುದಿಲ್ಲ. ಹೀಗಾಗಿ ಐಸಿಯು4ಜೆ ಲೈಬ್ರರಿಯ ಕೊಲೇಟರ್, ಅಂದರೆ ಭಾಷೆಯ ಅಕಾರಾದಿ ನಿಯಮದಂತೆ ಹೋಲಿಸುವ ಸಾಧನ, ಬೇಕೇ ಬೇಕು. ತಪ್ಪು ಕ್ರಮದಲ್ಲಿ ಬೇಗ ಜೋಡಿಸಿದ ಪಟ್ಟಿಯಿಂದ ಯಾರಿಗೂ ಉಪಯೋಗವಿಲ್ಲ.

ಅಡ್ಡಾದಿಡ್ಡಿಯಾಗಿರುವ 1 ಲಕ್ಷ ಪದಗಳನ್ನು ಜೋಡಿಸಲು ಸುಮಾರು 15 ಲಕ್ಷ ಹೋಲಿಕೆಗಳಾಗುತ್ತವೆ. ಪ್ರತಿ ಪದಕ್ಕೆ ಒಂದೇ ಸಲ ಕೊಲೇಶನ್ ಕೀ (ಪದದ ಕ್ರಮವನ್ನು ಹೇಳುವ ಬೈಟ್‌ಗಳ ಸಾಲು) ತಯಾರಿಸಿಟ್ಟರೆ, ಆಮೇಲಿನ ಹೋಲಿಕೆಯೆಲ್ಲ ಬರೀ ಬೈಟ್‌ಗಳ ನಡುವೆ. ಬದಲಿಗೆ ಮೆಮೊರಿ ಕೊಡಬೇಕು. ಲಾಭ ಯಾವುದರಲ್ಲಿ ಎಂದು ತಿಳಿಯಲು ಜಾವಾ ಕೋಡಿನ ವೇಗ ಅಳೆಯುವ ಸಾಧನವಾದ ಜೆಎಂಎಚ್ ಹಿಡಿದೆ.

ಗಡಿಯಾರ ಓದುವ ನ್ಯಾನೋಟೈಮನ್ನು ಕೋಡಿನ ಹಿಂದೆ ಮುಂದೆ ಇಟ್ಟು ಕಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಜಾವಾ ಕೋಡನ್ನು ಓಡಿಸುವ ಜೆವಿಎಂ (ಜಾವಾ ವರ್ಚುವಲ್ ಮಷೀನ್) ಆದ ಹಾಟ್‌ಸ್ಪಾಟ್ ಮೆಥಡ್‌ಗಳನ್ನು ಮೊದಲು ಇಂಟರ್‌ಪ್ರಿಟರ್‌ನಲ್ಲಿ ಓಡಿಸಿ, ಪದೇ ಪದೇ ಕರೆದಾಗ ಮಾತ್ರ ಕಂಪೈಲ್ ಮಾಡುತ್ತದೆ. ಫಲಿತಾಂಶವನ್ನು ಯಾರೂ ಬಳಸದಿದ್ದರೆ ಲೆಕ್ಕವನ್ನೇ ಕಿತ್ತುಹಾಕಬಹುದು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇಂಟರ್‌ಫೇಸ್‌ನದು. ಕಂಪ್ಯಾರೇಟರ್ (ಹೋಲಿಕೆಯ ಇಂಟರ್‌ಫೇಸ್) ಮೂಲಕ ಹೋಗುವ ಕರೆಯಲ್ಲಿ ಇಲ್ಲಿಯವರೆಗೆ ಒಂದೇ ಕ್ಲಾಸ್ ಕಂಡಿದ್ದರೆ ಹಾಟ್‌ಸ್ಪಾಟ್ ಆ ಮೆಥಡ್‌ನ ಒಳಗನ್ನು ಕರೆದ ಜಾಗಕ್ಕೇ ತಂದು ಸೇರಿಸುತ್ತದೆ. ಎರಡು ಕ್ಲಾಸ್ ಇದ್ದರೂ ಹೇಗೋ ನಿಭಾಯಿಸುತ್ತದೆ. ಮೂರನೆಯದು ಬಂದರೆ ಸಾಮಾನ್ಯವಾಗಿ ಪ್ರತಿ ಸಲವೂ ಟೇಬಲ್ ಹುಡುಕಬೇಕಾಗುತ್ತದೆ. ಅಂದರೆ ಮೂರು ಕಂಪ್ಯಾರೇಟರ್‌ಗಳನ್ನು ಒಂದೇ ಜೆವಿಎಂನಲ್ಲಿ ಸಾಲಾಗಿ ಓಡಿಸಿದರೆ, ಮೊದಲು ಓಡಿದ್ದಕ್ಕೆ ಅನ್ಯಾಯದ ಲಾಭ. ಜೆಎಂಎಚ್ ಪ್ರತಿ ಪರೀಕ್ಷೆಗೂ ಬೇರೆ ಜೆವಿಎಂ ಎಬ್ಬಿಸುವುದು ಇದೇ ಕಾರಣಕ್ಕೆ. ಸಮಯ ಉಳಿಸಲೆಂದು ಫೋರ್ಕ್ (ಹೀಗೆ ಎಬ್ಬಿಸುವ ಜೆವಿಎಂ) ಸಂಖ್ಯೆಯನ್ನು ಸೊನ್ನೆ ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಪರೀಕ್ಷೆಗೆ ಕೊಟ್ಟದ್ದು ನಮ್ಮ ಪುಸ್ತಕಗಳದೇ ಪದಗಳು. ಜಾವಾ 9ರಿಂದ ಲ್ಯಾಟಿನ್-1 (ಇಂಗ್ಲಿಷ್ ಮೊದಲಾದ ಭಾಷೆಗಳ) ಅಕ್ಷರಗಳಷ್ಟೇ ಇರುವ ಸ್ಟ್ರಿಂಗ್ ಅಕ್ಷರಕ್ಕೆ ಒಂದು ಬೈಟ್‌ನಂತೆ ಕೂರುತ್ತದೆ. ‘ಕನ್ನಡ’ ಎಂಬ ಪದದ ಐದು ಸಂಕೇತಗಳಿಗೆ ಹತ್ತು ಬೈಟ್ ಬೇಕು. ಇಂಗ್ಲಿಷ್ ಸಾಲಿನ ಮಧ್ಯೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಾಲು ಎರಡು ಬೈಟ್‌ನ ದಾರಿ ಹಿಡಿಯುತ್ತದೆ, ಅಲ್ಲಿ ಓಡುವ ಕೋಡೂ ಬೇರೆ. ಎಬಿಸಿ ಎಂದು ಬರೆದು ಅಳೆದವರಿಗೆ ನಮ್ಮ ಪ್ರೋಗ್ರಾಂ ಬಗ್ಗೆ ಏನೂ ತಿಳಿಯುವುದಿಲ್ಲ.

ಫಲಿತಾಂಶ ಎರಡು ಬಗೆಯಾಗಿ ಬಂತು. ಇಡೀ ಪಟ್ಟಿಯನ್ನು ಹೊಸದಾಗಿ ಕಟ್ಟುವಾಗ ಕೀ ಗೆದ್ದಿತು. ಸಿದ್ಧ ಪಟ್ಟಿಗೆ ಬಿಡಿ ಪದ ಸೇರಿಸುವಾಗ ನೇರ ಹೋಲಿಕೆಯೇ ಮೇಲು, ಏಕೆಂದರೆ ಅಲ್ಲಿ ಬೆರಳೆಣಿಕೆಯ ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಎರಡನ್ನೂ ಉಳಿಸಿಕೊಂಡೆ. ಜೆಎಂಎಚ್ ಪರೀಕ್ಷೆಗಳು ಈಗ ಮೂಲ ಕೋಡಿನ ಜೊತೆಯಲ್ಲೇ ಇವೆ. ಜೆಡಿಕೆ ಅಥವಾ ಐಸಿಯು4ಜೆ ಆವೃತ್ತಿ ಬದಲಿಸಿದಾಗಲೆಲ್ಲ ಅವನ್ನು ಮತ್ತೆ ಓಡಿಸುತ್ತೇನೆ.